ಗುಡ್ಡದ ಸೈಕಲ್ಲೂ ಪಂಚಮಿಯ ಉಂಡಿಯೂ

ಹೋದ ವರ್ಷ ನಾಗರಪಂಚಮಿಯ ದಿನ ನಮ್ಮ ಹಿತ್ತಲ ಬೇವಿನ ಮರದ ಕೊಂಬೆ ಮುರಿದದ್ದಕ್ಕೆ ನಾನೇ ಕಾರಣ ಎಂದು ಮನೆಯಲ್ಲಿ ಇವತ್ತಿಗೂ ನಂಬುತ್ತಾರೆ. ನನ್ನ ವಾದ ಬೇರೆ. ಕೊಂಬೆಗೆ ಮೊದಲೇ ಹುಳ ಹಿಡಿದಿತ್ತು. ಮೇಲಾಗಿ ನಾನು ಜೋಕಾಲಿಯ ಮೇಲೆ ಕೂಡುವ ಮೊದಲು ಓಣಿಯ ಹುಡುಗಿಯರೆಲ್ಲ ಜೀಕಿ ಜೀಕಿ ಅದರ ಜೀವ ತೆಗೆದಿದ್ದರು. ನಾನು ಜೀಕಿದ್ದು ಅರ್ಧ ಜೀಕು. (ಉಳಿದರ್ಧ ನೆಲದ ಮೇಲೆ ಮುಗಿಯಿತು.) ಆದರೆ ನನ್ನ ಧರ್ಮಪತ್ನಿ ವರದಾ ವಾದಕ್ಕೆ ಸೊಪ್ಪು ಹಾಕುವವಳಲ್ಲ. ಬಾದಾಮಿಯ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಪೌರನೀತಿ ಕಲಿಸಿದ ನನಗೆ ಸ್ವಂತ ಮನೆಯಲ್ಲಿ ಮಾತಾಡುವ ಹಕ್ಕೇ ಇಲ್ಲವಾಯಿತು.

ಈ ವರ್ಷ ಕಾರಹುಣ್ಣಿಮೆಯ ಕಡುಬು ನನ್ನ ಹೊಟ್ಟೆಯಲ್ಲಿ ಕರಗುವ ಮೊದಲೇ ಆಕೆ ತೂಕದ ಯಂತ್ರ ತರಿಸಿ ಅಡುಗೆಮನೆಯ ಹೊಸ್ತಿಲ ಮುಂದೆ ಇಟ್ಟಳು. ಒಳಗೆ ಹೋಗಬೇಕೆಂದರೆ ಅದನ್ನು ತುಳಿದೇ ಹೋಗಬೇಕು. ನಾನು ತುಳಿದೆ. ಯಂತ್ರ ಮೂರಂಕಿ ತೋರಿಸಿತು. ವರದಾ ಅಲ್ಲೇ ನಿಂತು ರಾಜಾಜ್ಞೆ ಹೊರಡಿಸಿದಳು.

"ಪಂಚಮಿ ಬರೂದ್ರಾಗ ಇದು ಎರಡಂಕಿಗೆ ಇಳೀಬೇಕು. ಇಳೀಲಿಲ್ಲಂದ್ರ ಈ ವರ್ಷ ನಿಮಗ ಒಂದು ಉಂಡಿನೂ ಇಲ್ಲ, ನೋಡ್ರಿ."

ಓದುಗರೇ, ಈ ಶಿಕ್ಷೆಯ ಕ್ರೌರ್ಯ ನಿಮಗೆ ಅರ್ಥವಾಗಬೇಕಾದರೆ ನಮ್ಮ ಕಡೆಯ ಪಂಚಮಿ ಏನೆಂದು ತಿಳಿದಿರಬೇಕು. ನಾಗಪ್ಪನಿಗೆ ಹಾಲೆರೆಯುವುದು ಬರೀ ನೆಪ. ಹಬ್ಬ ಇರುವುದು ಉಂಡಿಗೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೂಂದಿ ಉಂಡಿ, ಅಂಟಿನ ಉಂಡಿ, ಹೀಗೆ ಡಬ್ಬಿಗಟ್ಟಲೆ ಮಾಡಿಟ್ಟು ಬಂದವರಿಗೆ, ಹೋದವರಿಗೆ, ಸುಮ್ಮನೆ ಬಾಗಿಲಲ್ಲಿ ನಿಂತವರಿಗೆ ಕೊಡುತ್ತಾರೆ. ಅಂಥ ಹಬ್ಬದಲ್ಲಿ ಮನೆಯ ಯಜಮಾನ ಬರಿಗೈಲಿ ಕೂಡುವುದೆಂದರೇನು? ಅದರಲ್ಲೂ ವರದಾಳ ಕೈಯ ಬೂಂದಿ ಉಂಡಿ! ಆಕೆಯನ್ನು ನೋಡಲು ಹೋದ ದಿನ ತಟ್ಟೆಯಲ್ಲಿ ಬಂದದ್ದು ಅದೇ. ನಾನು ಆಮೇಲೆ ಹುಡುಗಿಯ ಮುಖವನ್ನೂ ನೋಡಿದೆ ಎಂಬುದು ಬೇರೆ ಮಾತು.

ರಾಜಾಜ್ಞೆಯ ಜೊತೆ ಪಥ್ಯವೂ ಜಾರಿಗೆ ಬಂತು. ಮುಂಜಾನೆ ಮೊಳಕೆ ಬಂದ ಹೆಸರುಕಾಳು, ಮಧ್ಯಾಹ್ನ ಬೆಣ್ಣೆ ಕಾಣದ ಒಂದೇ ಒಂದು ಜೋಳದ ರೊಟ್ಟಿ, ರಾತ್ರಿ ಮಜ್ಜಿಗೆ. ನನ್ನ ತಾಯಿ ತುಳಸೀಬಾಯಿ ಎರಡೇ ದಿನದಲ್ಲಿ, ಕೂಸು ಭಾಳ ಸೊರಗ್ಯದ ಎಂದು ಕಣ್ಣೀರು ತೆಗೆದಳು. (ಅವ್ವಗ ಕಣ್ಣಿಗೆ ಪೊರೆ ಬಂದದ ಎಂದು ವರದಾ ತಕ್ಷಣ ನೆನಪಿಸಿದಳು.)

ಆಗ ಇಳಕಲ್ಲಿನಿಂದ ವರದಾಳ ತಮ್ಮ ಶಿರೀಷ ಬಂದ. ಅವನೊಬ್ಬ ಕಡ್ಡಿ. ಏನು ತಿಂದರೂ ಮೈಗೆ ಹತ್ತುವುದಿಲ್ಲ. ಅಂಥವರೇ ಉಳಿದವರಿಗೆ ಉಪದೇಶ ಮಾಡಲು ಹುಟ್ಟಿರುತ್ತಾರೆ. "ಭಾವಾ, ಒಂದು ಮೌಂಟನ್ ಬೈಕ್ ತಗೋರಿ. ದಿನಾ ಒಂದ್ಸಲ ಗುಡ್ಡಾ ಹತ್ತಿಳದ್ರ ಆಮೇಲೆ ಬೇಕಾದ್ದು ತಿನ್ನಬಹುದು" ಎಂದ. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮೂರು ಶಬ್ದ ಮಾತ್ರ. ವಾರದೊಳಗೆ ಸೈಕಲ್ ಮನೆಗೆ ಬಂತು.

ಅದನ್ನು ನೋಡಲು ಓಣಿಯೇ ನೆರೆಯಿತು. ದಪ್ಪ ದಪ್ಪ ಗಾಲಿ, ಲೆಕ್ಕವಿಲ್ಲದಷ್ಟು ಗೇರು. ಆದರೆ ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡಿಲ್ಲ, ಗಂಟೆ ಕೂಡ ಇಲ್ಲ. ಉಳಿದದ್ದು ನಾಳೆ ಬರತದೇನು ಎಂದು ಅವ್ವ ಮುಗ್ಧವಾಗಿ ಕೇಳಿದಳು. ಸೈಕಲ್ ರಿಪೇರಿಯ ಬಾಬುಸಾಬ ಸುತ್ತೆಲ್ಲ ಒಂದು ಪ್ರದಕ್ಷಿಣೆ ಹಾಕಿ, ಪಾಪ ಮಾಸ್ತರಿಗೆ ಯಾರೋ ಟೋಪಿ ಹಾಕ್ಯಾರ ಎಂದು ಎಲ್ಲರಿಗೂ ಕೇಳುವಂತೆ ಮರುಗಿದ. ಇದು ಗುಡ್ಡ ಹತ್ತುವ ಸೈಕಲ್ಲು, ಇದಕ್ಕೆ ಅವೆಲ್ಲ ಇರುವುದಿಲ್ಲ ಎಂದು ನಾನು ವಿವರಿಸಿದೆ. ಯಾರೂ ನಂಬಲಿಲ್ಲ. ಇನ್ನು ಅದರ ಸೀಟು: ಅದನ್ನು ಮಾಡಿದ ಮಹಾನುಭಾವ ಮನುಷ್ಯರು ಕೂಡುವುದನ್ನು ನೋಡಿರಲಿಕ್ಕಿಲ್ಲ.

ಮರುದಿನ ನಸುಕಿನಲ್ಲಿ ದಿಗ್ವಿಜಯಕ್ಕೆ ಹೊರಟೆ. ಊರಾಚೆ ಕೆಂಪು ಬಂಡೆಗಳ ಗುಡ್ಡ. ಅದರ ಮೈಮೇಲೆ ಕುರಿಗಳು ತುಳಿದು ತುಳಿದು ಮಾಡಿದ ದಾರಿ. ಮೌಂಟನ್ ಬೈಕಿಂಗ್ ಎಂದರೆ ಏನೆಂದು ನನಗೆ ಅಂದೇ ತಿಳಿಯಿತು. ಹತ್ತುವಾಗ ಸೈಕಲ್ಲು ನಮ್ಮ ಮೇಲೆ ಇರುತ್ತದೆ, ಇಳಿಯುವಾಗ ನಾವು ಸೈಕಲ್ಲಿನ ಮೇಲೆ ಇರುತ್ತೇವೆ, ಅದೂ ದೇವರ ದಯೆಯಿದ್ದರೆ. ಮೊದಲ ತಿರುವಿನಲ್ಲೇ ಗೇರು ಬದಲಿಸಲು ಹೋಗಿ ಹಿಂದಕ್ಕೆ ಬಂದೆ. ಎರಡನೆಯ ತಿರುವಿನಲ್ಲಿ ಉಸಿರು ನನಗಿಂತ ಮುಂದೆ ಹೋಯಿತು. ಆದರೂ ಹಟ ಬಿಡಲಿಲ್ಲ. ಕಣ್ಣು ಮುಚ್ಚಿದರೆ ಬೂಂದಿ ಉಂಡಿ ಕಾಣುತ್ತಿತ್ತು. ಮೊದಲ ಹದಿನೈದು ದಿನ ನಾನು ಪ್ರಾಮಾಣಿಕವಾಗಿ ಒದ್ದಾಡಿದೆ. ಯಂತ್ರದ ಅಂಕಿಯೂ ಇಳಿಯುತ್ತ ನೂರಕ್ಕಿಂತ ಒಂದೇ ಚೂರು ಮೇಲೆ ಬಂದು ನಿಂತಿತು. ಇನ್ನೊಂದು ವಾರ ಹೀಗೇ ನಡೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಷ್ಟರಲ್ಲಿ ಕುರಿಗಳು ಬಂದವು. ಅಂದು ಮೊದಲ ಬಾರಿ ಗುಡ್ಡದ ನೆತ್ತಿ ಮುಟ್ಟಿ ಆಚೆ ಇಳಿಯುತ್ತಿದ್ದೆ. ತಿರುವಿನಲ್ಲಿ ಇಡೀ ಹಿಂಡು ಎದುರಾಯಿತು. ಗಂಟೆ ಬಾರಿಸೋಣವೆಂದರೆ ಗಂಟೆಯಿಲ್ಲ. ಬ್ರೇಕು ಹಿಡಿದೆ; ಸೈಕಲ್ಲು ನಿಂತಿತು, ನಾನು ನಿಲ್ಲಲಿಲ್ಲ. ಕುರಿಗಳ ನಡುವೆ ಬಿದ್ದದ್ದರಿಂದ ಎಲುಬು ಉಳಿದವು. ಕುರಿ ಕಾಯುತ್ತಿದ್ದ ಬೀರಲಿಂಗಪ್ಪ ಓಡಿ ಬಂದು, ಮೊದಲು ಕುರಿಗಳನ್ನು ತಡವಿ ನೋಡಿ, ಆಮೇಲೆ ನನ್ನನ್ನು ಎಬ್ಬಿಸಿದ. ಮುಖ ನೋಡಿದವನೇ, ನಮ್ಮ ವಿದ್ಯಾನ ಮಾಸ್ತರು ಎಂದು ಗುರುತು ಹಿಡಿದ. ಅವನ ಮಗಳು ವಿದ್ಯಾ ನನ್ನ ಹತ್ತಿರ ಕಲಿತವಳು. ಮಗಳ ಗುರುವನ್ನು ಹಾಗೇ ಕಳಿಸಲಾದೀತೇ? ಕೈಹಿಡಿದು ಗುಡ್ಡದ ಬುಡದ ತನ್ನ ಮನೆಗೆ ಕರೆದೊಯ್ದ.

ಅವನ ಹೆಂಡತಿ ಮಾಯವ್ವ ಆಗತಾನೇ ರೊಟ್ಟಿ ಬಡಿಯುತ್ತಿದ್ದಳು. ಕೇಳದೆಯೇ ನನ್ನ ಮುಂದೆ ತಾಟು ಬಂತು. ಬಿಸಿ ರೊಟ್ಟಿ, ಅದರ ಮೇಲೆ ಕರಗುತ್ತಿರುವ ಬೆಣ್ಣೆಯ ಮುದ್ದೆ, ಶೇಂಗಾ ಹಿಂಡಿ, ಮಡಕಿಕಾಳಿನ ಪಲ್ಯ, ಗಟ್ಟಿ ಮೊಸರು. ನನಗೆ ಅಳು ಬಂತು ಎಂದರೆ ನೀವು ನಗುತ್ತೀರಿ. ಖರೆ ಬಂತು. ನಾನು ಉಣ್ಣುವ ರೀತಿ ನೋಡಿ ಮಾಯವ್ವ ಮೆಲ್ಲಗೆ, ಮನ್ಯಾಗ ಉಂಡಿಲ್ಲೇನ್ರಿ ಮಾಸ್ತರ ಎಂದು ಕೇಳಿದಳು. ಒಂದೇ ರೊಟ್ಟಿ ಕೊಡ್ತಾಳ, ಅದೂ ಬೆಣ್ಣೆ ಇಲ್ಲದ್ದು ಎಂದೆ. ಯಾಕೆ ಎಂಬುದನ್ನು ಹೇಳಬೇಕಿತ್ತು. ಬಾಯಲ್ಲಿ ರೊಟ್ಟಿ ಇತ್ತು. ನುಂಗುವಷ್ಟರಲ್ಲಿ ಆ ತಾಯಿ ಇನ್ನೆರಡು ರೊಟ್ಟಿ ಹಾಕಿ, ಸೆರಗಿನಿಂದ ಕಣ್ಣೊರಸಿಕೊಂಡು, ದಿನಾ ಬರಬೇಕೆಂದು ಆಣೆ ಮಾಡಿಸಿಕೊಂಡಳು. ಮಾಯವ್ವನಂಥವಳ ಆಣೆ ಮುರಿಯುವಷ್ಟು ಕಟುಕ ನಾನಲ್ಲ.

ಅಂದಿನಿಂದ ನನ್ನ ವ್ಯಾಯಾಮಕ್ಕೆ ಹೊಸ ರೂಪ ಬಂತು. ಗುಡ್ಡ ಹತ್ತುವ ಬದಲು ಅದರ ಬುಡ ಬಳಸಿ ಹೋಗುವ ಗಾಡಿದಾರಿ ಹಿಡಿದೆ. ರೊಟ್ಟಿ, ಬೆಣ್ಣೆ, ಆಮೇಲೆ ಅಂಗಳದ ಮರದ ನೆರಳಲ್ಲಿ ಹೊರಸಿನ ಮೇಲೆ ಸಣ್ಣದೊಂದು ನಿದ್ದೆ. ಹೊರಡುವಾಗ ಗಾಲಿಗಳಿಗೆ ಕೆಂಪು ಮಣ್ಣು ಮೆತ್ತಿ, ಅಂಗಿಯ ಮೇಲೆ ಒಂದು ತಂಬಿಗೆ ನೀರು ಚಿಮುಕಿಸಿಕೊಂಡರೆ ಮುಗಿಯಿತು. ಮನೆ ಬಾಗಿಲಲ್ಲಿ ವರದಾ ನನ್ನ ಬೆವರು ನೋಡಿ ಬೀಸಣಿಕೆ ತರುತ್ತಿದ್ದಳು. ಪಾಪ ಅನ್ನಿಸುತ್ತಿತ್ತು, ಆದರೆ ಹೊಟ್ಟೆ ತುಂಬಿದ್ದಾಗ ಪಾಪಪ್ರಜ್ಞೆಗೆ ಜಾಗ ಸಾಲುವುದಿಲ್ಲ. ಯಂತ್ರದ ಅಂಕಿ ಮಾತ್ರ ನಿಂತಲ್ಲೇ ನಿಂತಿತು. ವರದಾ ಹುಬ್ಬು ಗಂಟಿಕ್ಕಿದಾಗ, ಕೊಬ್ಬು ಕರಗಿ ಆ ಜಾಗದಲ್ಲಿ ಸ್ನಾಯು ಬೆಳೆಯುತ್ತಿದೆ, ಸ್ನಾಯುವಿನ ತೂಕ ಜಾಸ್ತಿ ಎಂದು ಶಾಸ್ತ್ರ ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲ್ಲ್ಯದ ಆ ಸ್ನಾಯು ಎಂದು ಕೇಳಿದಳು.

ಹೀಗೆ ಪಂಚಮಿಯ ಹಿಂದಿನ ದಿನ ಬಂತು. ಅಂದು ನಮ್ಮಲ್ಲಿ ರೊಟ್ಟಿಹಬ್ಬ. ಮನೆಮನೆಯವರು ರೊಟ್ಟಿ ಪಲ್ಯ ಬುಟ್ಟಿಯಲ್ಲಿಟ್ಟು ಪರಸ್ಪರ ಹಂಚುತ್ತಾರೆ. ಬಂದ ಬುಟ್ಟಿಯನ್ನು ಖಾಲಿ ಕಳಿಸುವಂತಿಲ್ಲ. ವಾರದಿಂದ ಮನೆಯಲ್ಲಿ ಬೆಲ್ಲದ ಪಾಕದ ವಾಸನೆ. ಉಂಡಿಯ ಡಬ್ಬಿಗಳು ಕಪಾಟಿನಲ್ಲಿ, ಕೀಲಿ ವರದಾಳ ಸೆರಗಿನಲ್ಲಿ. ಸಂಜೆ ಕೊನೆಯ ತೂಕ ಎಂದು ಘೋಷಣೆಯಾಗಿತ್ತು. ನಾನು ಮುಂಜಾನೆಯಿಂದ ನೀರನ್ನೂ ಅಳೆದು ಕುಡಿಯುತ್ತಿದ್ದೆ. ಓಣಿಯ ಹೆಂಗಸರು ಬುಟ್ಟಿ ಹಿಡಿದು ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ಅದೇ ಹೊತ್ತಿಗೆ ತಲೆಯ ಮೇಲೆ ದೊಡ್ಡ ಬುಟ್ಟಿ ಹೊತ್ತು ಮಾಯವ್ವ ಬಾಗಿಲಲ್ಲಿ ನಿಂತಳು.

ನಾನು ಹಿತ್ತಲಿಗೆ ಜಾರಲು ನೋಡಿದೆ. ನನ್ನ ಗಾತ್ರದವರು ಗುಟ್ಟಾಗಿ ಜಾರುವುದು ಕಷ್ಟ. ಮಾಯವ್ವ ಬುಟ್ಟಿ ಇಳಿಸಿ, ವರದಾಳ ಕೈ ಹಿಡಿದುಕೊಂಡು, ತನಗೆ ತಿಳಿದಷ್ಟು ಮೆತ್ತಗೆ, ಅಂದರೆ ಮೂರು ಮನೆಗೆ ಕೇಳುವಂತೆ ಹೇಳಿದಳು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ಮನಿ ಅಂದ ಮ್ಯಾಲೆ ಏನರ ಅಡಚಣಿ ಇರತಾವು, ನಾವು ಕೇಳಾಂಗಿಲ್ಲ. ಆದ್ರ ಮಾಸ್ತರು ಹಸಕೊಂಡು ಬರೂದು ನೋಡಾಕ ಆಗೂದಿಲ್ರಿ. ನಮ್ಮಲ್ಲಿ ನಾಕ ರೊಟ್ಟಿ ಬೆಣ್ಣಿ ಹಚ್ಚಿ ಉಂಡು, ನೆಳ್ಳಾಗ ಒಂದೀಟು ಮಕ್ಕೊಂಡ್ರ ಅವರ ಮಖಾ ಹೆಂಗ ಅರಳತೈತಿ ಅಂತೀರಿ. ಹಬ್ಬದಾಗರ ಮನ್ಯಾಗ ಹೊಟ್ಟಿತುಂಬ ಉಣ್ಣಲಿ ಅಂತ ತಂದೇನಿ."

ಓಣಿಯ ಹೆಂಗಸರು ವರದಾಳ ಮುಖ ನೋಡಿದರು. ವರದಾ ನನ್ನ ಮುಖ ನೋಡಿದಳು. ಕೂಸು ಸೊರಗ್ಯದ ಅಂತ ನಾ ಹೇಳಿರಲಿಲ್ಲೇನು ಎಂದು ನನ್ನ ಅವ್ವ ನಡುವೆ ಬಾಯಿ ಹಾಕಿದಳು. ವರದಾ ಕೂಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಕೂಗಾಡಲಿಲ್ಲ. ಮಾಯವ್ವನನ್ನು ಕೂಡಿಸಿ, ಕುಂಕುಮ ಕೊಟ್ಟು, ಚಹಾ ಕುಡಿಸಿ, ತೂಕದ ಯಂತ್ರವನ್ನು ಆಕೆಯ ಮುಂದಿಟ್ಟು ಎಲ್ಲ ಕಥೆಯನ್ನೂ ತಣ್ಣಗೆ ಹೇಳಿದಳು. ಮಾಯವ್ವ ನಡುನಡುವೆ ನನ್ನ ಕಡೆ ನೋಡುತ್ತಿದ್ದ ನೋಟವನ್ನು ನಾನು ವರ್ಣಿಸಲಾರೆ. ಬುಟ್ಟಿ ಇಲ್ಲೇ ಇರಲಿ, ಮರಳಿ ತುಂಬಿ ಕಳಿಸುತ್ತೇನೆ ಎಂದು ಹೇಳಿ ವರದಾ ಆಕೆಯನ್ನು ಬೀಳ್ಕೊಟ್ಟಳು. ಹೆಂಗಸರೂ ಸುದ್ದಿ ಹೊತ್ತು ಚದುರಿದರು.

ಆಮೇಲೆ ವರದಾ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಹೊರಬಂದಾಗ ಬುಟ್ಟಿಯ ಬಾಯಿಗೆ ಬಟ್ಟೆ ಬಿಗಿದಿತ್ತು. "ಇದನ್ನ ನೀವ ಮುಟ್ಟಿಸಿ ಬರ್ರಿ, ದಾರಿ ನಿಮಗ ಗೊತ್ತದಲ್ಲ. ಗಾಡಿದಾರಿ ಅಲ್ಲ, ಗುಡ್ಡದ ಮ್ಯಾಲಿಂದ. ಮಾಳಗಿ ಮ್ಯಾಲೆ ನಿಂತ್ರ ನನಗ ಕಾಣತದ" ಎಂದಳು. ಕ್ಯಾರಿಯರ್ ಇಲ್ಲದ್ದರಿಂದ ಅವ್ವನ ಹಳೇ ಸೀರೆಯಲ್ಲಿ ಬುಟ್ಟಿಯನ್ನು ಕೂಸಿನಂತೆ ನನ್ನ ಬೆನ್ನಿಗೆ ಕಟ್ಟಿದರು.

ಆ ಪ್ರಯಾಣ ವೈರಿಗೂ ಬೇಡ. ಸೈಕಲ್ಲು ದೂಡುತ್ತ, ಜಾರುತ್ತ, ಏದುತ್ತ ಹೋದೆ. ಬೆನ್ನಿನಿಂದ ಏಲಕ್ಕಿ, ತುಪ್ಪ, ಹುರಿದ ಶೇಂಗಾದ ವಾಸನೆ ಕಿವಿಯ ಪಕ್ಕದಿಂದಲೇ ಮೂಗಿಗೆ ಬರುತ್ತಿತ್ತು. ಬಂಡೆಯ ಮರೆಯಲ್ಲಿ, ಮಾಳಿಗೆಗೆ ಕಾಣದ ಒಂದು ಜಾಗದಲ್ಲಿ ಬುಟ್ಟಿ ಇಳಿಸಿ ಗಂಟಿಗೆ ಕೈ ಹಚ್ಚಿದೆ. ಹಚ್ಚಿ, ತೆಗೆದೆ. ಇವತ್ತು ಒಂದು ಕದ್ದು ತಿಂದರೆ ನಾಳೆಯ ಕಪಾಟೆಲ್ಲ ಕೈತಪ್ಪುತ್ತದೆ. ಮೇಲಾಗಿ, ಬೀಸಣಿಕೆ ಹಿಡಿದ ವರದಾ ಕಣ್ಮುಂದೆ ಬಂದು ನನಗೆ ನಿಜವಾಗಿ ನಾಚಿಕೆಯಾಯಿತು. ಗುಡ್ಡ ಹತ್ತಿದೆ, ಇಳಿದೆ, ಬುಟ್ಟಿ ಮುಟ್ಟಿಸಿದೆ. ಮಾಯವ್ವ ಕೊಡಬಂದ ನೀರನ್ನೂ ಮುಟ್ಟದೆ ಅದೇ ದಾರಿಯಲ್ಲಿ ಮರಳಿದೆ.

ಸಂಜೆ, ಬೆವರು ಸುರಿಯುತ್ತಿರುವಾಗಲೇ (ಈ ಸಲ ಅಸಲಿ ಬೆವರು) ಯಂತ್ರ ಹತ್ತಿದೆ. ಅಂಕಿಗಳು ಅತ್ತ ಇತ್ತ ಹೊಯ್ದಾಡಿದವು. ನಿಂತವು. ಎರಡಂಕಿ! ಕೆಳಗಿಳಿದು, ಉಸಿರು ಬಿಟ್ಟು ಮತ್ತೆ ಹತ್ತಿದೆ. ಎರಡಂಕಿಯೇ. ವರದಾ ಬಗ್ಗಿ ನೋಡಿ, ಕಣ್ಣರಳಿಸಿ, ಖರೇನ ಇಳಿದೀರಲ್ರೀ ಎಂದು ನಕ್ಕಳು. ಅಷ್ಟು ಚಂದದ ನಗು ನಾನು ತಿಂಗಳಿಂದ ನೋಡಿರಲಿಲ್ಲ. ವಿಜಯೋತ್ಸಾಹದಿಂದ ಮಣೆ ಹಾಕಿಕೊಂಡು ಕೂತು, ತಾ ಈಗ ಬೂಂದಿ ಉಂಡಿ ಎಂದು ಕೈ ಚಾಚಿದೆ.

ವರದಾಳ ನಗು ನಿಂತಿತು. ಕಪಾಟು ತೆರೆದು ಡಬ್ಬಿಗಳನ್ನು ಒಂದೊಂದಾಗಿ ತಂದು ನನ್ನ ಮುಂದೆ ಇಟ್ಟಳು. ಎಲ್ಲವೂ ತೊಳೆದು ಒರೆಸಿದ ಡಬ್ಬಿಗಳು.

"ಗಂಡಗ ಉಪವಾಸ ಕೆಡವತಾಳ ಅಂತ ಓಣಿಯೆಲ್ಲಾ ಅನ್ನೂಹಂಗ ಮಾಡಿದ್ರಿ. ಬುಟ್ಟಿಯೊಳಗ ನಾಕ ಉಂಡಿ ಇಟ್ಟು ಕಳಿಸಿದ್ರ ಅದು ಖರೇನ ಆಗತಿತ್ತು. ಅದಕ್ಕ ಇದ್ದಷ್ಟೂ ಹಾಕಿದೆ. ನೀವು ಇಳೀತೀರಿ ಅಂತ ನಾ ಎಲ್ಲಿ ಅನ್ಕೊಂಡಿದ್ದೆ?"

ಉಳಿದಿದ್ದದ್ದು ನಾಗಪ್ಪನ ನೈವೇದ್ಯಕ್ಕೆ ಎತ್ತಿಟ್ಟ ತಂಬಿಟ್ಟು ಮಾತ್ರ. ಅದನ್ನು ಹುತ್ತದ ಬಳಿಯೇ ಬಿಟ್ಟು ಬರುವುದು ನಮ್ಮ ಪದ್ಧತಿ. ಹಾವಿನ ಜೊತೆ ವ್ಯಾಜ್ಯ ಬೇಡವೆಂದು ಸುಮ್ಮನಾದೆ.

ಮರುದಿನ, ಪಂಚಮಿಯ ನಸುಕಿನಲ್ಲಿ, ಅವ್ವನೂ ಏಳುವ ಮೊದಲು ಸೈಕಲ್ಲು ಹೊರಗೆ ತೆಗೆದೆ. ಗೇರುಗಳು ತಾವಾಗಿಯೇ ಬಿದ್ದವು. ತಿರುವುಗಳು ಸರಸರನೆ ಹಿಂದೆ ಸರಿದವು. ಓದುಗರೇ, ಅಂದು ಮೊತ್ತಮೊದಲ ಬಾರಿಗೆ ನಾನು ಸೈಕಲ್ಲಿನಿಂದ ಕಾಲು ಕೆಳಗಿಡದೆ ಇಡೀ ಗುಡ್ಡ ಹತ್ತಿದೆ. ನೋಡಲು ಒಂದು ಕುರಿಯೂ ಇರಲಿಲ್ಲ.

ಮಾಯವ್ವ ಅಂಗಳ ಸಾರಿಸುತ್ತಿದ್ದಳು. ಉಂಡಿಯ ಮಾತು ನಾನೇ ತೆಗೆಯಬೇಕಾಗಲಿಲ್ಲ. "ಮಾಸ್ತರ, ಬಾಯಾರ ಕೈ ಎಂಥಾ ಕೈರೀ! ಹಬ್ಬಕ್ಕ ಬಂದ ಹೆಣ್ಮಕ್ಕಳಿಗೆ, ಕುರಿಯವರಿಗೆ, ಹಾದಿಮ್ಯಾಲೆ ಹೋಗೂವ್ರಿಗೆ ಎಲ್ಲಾರಿಗೂ ಹಂಚಿದ್ನಿ. ನಿನ್ನೆ ರಾತ್ರಿನ ತೀರಿದ್ವು. ಇಂಥಾ ಹೆಣ್ಮಗಳು ಉಣ್ಣಾಕ ಕೊಡೂದಿಲ್ಲ ಅಂದ್ರಲ್ಲ, ಮನಸರ ಹೆಂಗ ಬಂತ್ರಿ ನಿಮಗ?"

ನಾನು ತಲೆ ತಗ್ಗಿಸಿದೆ. ಒಳಗೆ ಹಬೆಯಲ್ಲಿ ಕಡುಬು ಬೇಯುವ ವಾಸನೆ ಬರುತ್ತಿತ್ತು. ಮಾಯವ್ವ ಒಳಗೆ ಹೋಗಿ ಒಂದು ತಂಬಿಗೆ ನೀರುಮಜ್ಜಿಗೆ ತಂದು ಕೈಗಿಟ್ಟು, ಇನ್ನ ಮ್ಯಾಲೆ ಇದಷ್ಟ ಕೊಡಬೇಕು ಅಂತ ಬಾಯಾರು ಹೇಳ್ಯಾರ ಎಂದಳು. ನಿಂತಲ್ಲೇ ಕುಡಿದು, ತಂಬಿಗೆ ಕೊಟ್ಟು, ಮತ್ತೆ ಗುಡ್ಡ ಹತ್ತಿದೆ.