ಇಲ್ಲದ ಶಾಖಾ ಕಚೇರಿಯ ರೂಟರ್ ಸಾಹೇಬರಿಗೆ

ಶ್ರೀಯುತ ರೂಟರ್ ಅವರಿಗೆ,
ಶಾಖಾ ಕಚೇರಿ, ಚಿತ್ರದಲ್ಲಿ ತೋರಿಸಿರುವ ಮೂಲೆ,
ನೆಟ್‌ವರ್ಕ್ ಪ್ರಮಾಣಪತ್ರ ಪರೀಕ್ಷೆಯ ಪ್ರಾಯೋಗಿಕ ಪ್ರಶ್ನೆ.

ಮಾನ್ಯರೇ,

ತಮ್ಮ ಪೋರ್ಟುಗಳ ಹಸಿರು ದೀಪಗಳೆಲ್ಲ ಕ್ಷೇಮವಾಗಿ ಮಿನುಗುತ್ತಿವೆ ಎಂದು ನಂಬಿ, ತಮಗೂ ತಮ್ಮ ಬೆನ್ನಿಗೆ ತಂತಿ ಕಟ್ಟಿಕೊಂಡು ನಿಂತಿರುವ ಸ್ವಿಚ್ ಅವರಿಗೂ ನಮಸ್ಕಾರ ಹೇಳಿ, ಈ ಅಹವಾಲನ್ನು ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ತಾವು ನಿಜವಾದ ರೂಟರ್ ಅಲ್ಲ, ಪರೀಕ್ಷೆಯ ಕಂಪ್ಯೂಟರು ಪರದೆಯ ಮೇಲೆ ಹಾಕುವ ಒಂದು ವೇಷ ಎಂಬುದು ನನಗೆ ಗೊತ್ತಿದೆ. ಆದರೆ ಇಲ್ಲದವರಿಗೆ ಮರ್ಯಾದೆ ಕಡಿಮೆ ಕೊಡಬೇಕೆಂದು ಎಲ್ಲೂ ಬರೆದಿಲ್ಲವಾದ್ದರಿಂದ ಬಹುವಚನದಲ್ಲೇ ಮುಂದುವರಿಯುತ್ತೇನೆ.

ನಾನು ಒಂದು ದೊಡ್ಡ ಆಸ್ಪತ್ರೆಯ ನೆಟ್‌ವರ್ಕ್ ಕೋಣೆಯಲ್ಲಿ ಸಹಾಯಕ. ಶಾಲೆಯನ್ನು ಅರ್ಧಕ್ಕೆ ಬಿಟ್ಟೆ, ಆಮೇಲೆ ಸಂಜೆ ಶಾಲೆಗೆ ಸೇರಿ ಅದನ್ನೂ ಅರ್ಧಕ್ಕೆ ಬಿಟ್ಟೆ, ಟೈಪಿಂಗ್ ಕಲಿಯಲು ಹೋಗಿ ಕೀಲಿಮಣೆಯ ಎಡಗಡೆ ಮುಗಿಸಿ ಬಂದೆ. ಹೊಲಿಗೆ ಕೆಲಸ ಮಾಡುವ ನನ್ನ ಅಕ್ಕ, "ನಿನ್ನ ಬಾಳು ಕಾಜಾ ಇದ್ದು ಗುಂಡಿ ಇಲ್ಲದ ಅಂಗಿ ಕಣೋ" ಅನ್ನುತ್ತಾಳೆ. ಆ ಮಾತು ನಾಟಿ, ಇನ್ನು ಮುಂದೆ ಹಿಡಿದ ಕೆಲಸವನ್ನು ಪ್ರಾಣ ಹೋದರೂ ನಡುವೆ ಬಿಡಬಾರದೆಂದು ನಿಶ್ಚಯಿಸಿದ್ದೆ. ಹೀಗಿರುವಾಗ ನಮ್ಮ ಮುಖ್ಯಸ್ಥರು, ಪ್ರಮಾಣಪತ್ರ ಇಲ್ಲದವರನ್ನೆಲ್ಲ ನೆಟ್‌ವರ್ಕ್ ಕೋಣೆಯಿಂದ ತೆಗೆದು ದೂರುಗಳ ಫೋನ್ ಮೇಜಿಗೆ ಹಾಕುವುದಾಗಿ ಹೇಳಿದರು. ಫೋನು ರಿಂಗಾದರೆ ಯಾರಿಗೆ ಏನಾಯಿತೋ ಎಂದು ಎದೆ ಧಸಕ್ಕೆನ್ನುವ ಪೈಕಿ ನಾನು. ಇಡೀ ದಿನ ರಿಂಗಾಗುವ ಫೋನಿನ ಮುಂದೆ ನನ್ನನ್ನು ಕೂರಿಸುವುದೂ ಒಂದೇ, ಹುಲಿಯ ಬೋನಿನಲ್ಲಿ ಚಾಪೆ ಹಾಸಿ ಮಲಗು ಅನ್ನುವುದೂ ಒಂದೇ. ಅದಕ್ಕೇ ಪರೀಕ್ಷೆ ಕಟ್ಟಿದೆ.

ನಮ್ಮ ಕೋಣೆಯಲ್ಲೊಂದು ಪದ್ಧತಿಯಿದೆ. ಅದನ್ನು ತಾವು ತಿಳಿಯದ ಹೊರತು ನನ್ನ ಸಂಕಟ ತಮಗೆ ಅರ್ಥವಾಗದು. ಯಾವುದಾದರೂ ವಾರ್ಡಿನ ಸಂಪರ್ಕ ಸರಿಪಡಿಸಿದ ಮೇಲೆ ಪಿಂಗ್ ಹಚ್ಚಿಡುತ್ತೇವೆ. ಪಿಂಗ್ ಅಂದರೆ ಇತ್ತಲಿಂದ "ಇದ್ದೀಯಾ" ಎಂದು ಕೇಳುವುದು, ಅತ್ತಲಿಂದ "ಇದ್ದೇನೆ" ಎಂಬ ಉತ್ತರ ಬರುವುದು, ಅಷ್ಟೇ. ಆ ವಾರ್ಡಿನ ನರ್ಸಮ್ಮ ಫೋನು ಮಾಡಿ "ಸರಿ ಹೋಯ್ತಪ್ಪ" ಅನ್ನುವ ತನಕ ಅದನ್ನು ನಿಲ್ಲಿಸುವಂತಿಲ್ಲ, ಕೂತಲ್ಲಿಂದ ಏಳುವಂತೆಯೂ ಇಲ್ಲ. ಲೋಕದಲ್ಲಿ ಫೋನು ಬಂದರೆ ನನಗೆ ನೆಮ್ಮದಿಯಾಗುವ ಸಂದರ್ಭ ಇದೊಂದೇ.

ಪರೀಕ್ಷೆಗೆ ಹೊರಟಾಗ, ಯಾವಾಗಲೂ ಏಣಿಯ ಮೇಲೇ ಇರುವುದರಿಂದ ನಾವು ಏಣಿ ಅಣ್ಣ ಎಂದು ಕರೆಯುವ ಹಿರಿಯ ಸಹೋದ್ಯೋಗಿ, ಏಣಿಯ ಮೇಲಿನಿಂದಲೇ ಬುದ್ಧಿ ಹೇಳಿದರು. "ಪ್ರಾಕ್ಟಿಕಲ್ ಪ್ರಶ್ನೆ ಬಂದ್ರೆ ಅದರ ಜೊತೆ ಸಂಸಾರ ಹೂಡಬೇಡ. ಕೇಳಿದ್ದಷ್ಟು ಮಾಡು, ಮುಂದಕ್ಕೆ ಹೋಗು. ಹಿಂದಕ್ಕೆ ಬರೋಕಾಗಲ್ಲ ಅಲ್ಲಿ, ನೆನಪಿಟ್ಕೋ." ನೆನಪಿಟ್ಟುಕೊಂಡೆ. ಅದೇ ತೊಂದರೆಯಾಯಿತು. ಹಿಂದಕ್ಕೆ ಬರಲಾಗದ ಜಾಗದಲ್ಲಿ ಒಬ್ಬರನ್ನು ಬಿಟ್ಟು ಹೋಗುವುದು ಹೇಗೆ ಎಂಬ ಹೊಸ ಚಿಂತೆ ಅಲ್ಲಿಂದಲೇ ಶುರುವಾಯಿತು.

ತಾವು ಬಂದಿರಿ. ಶಾಖಾ ಕಚೇರಿಯ ಲೆಕ್ಕ ವಿಭಾಗದವರಿಗೆ ಪ್ರಿಂಟರ್ ಸಿಗುತ್ತಿಲ್ಲ, ಸರಿಪಡಿಸಿ ಎಂದಿತ್ತು. ತಂತಿ ಸಿಕ್ಕಿಸುವ ತಮ್ಮ ಒಂದು ಪೋರ್ಟು ಮುಚ್ಚಿತ್ತು. ಮಗುವಿನ ಕಣ್ಣಿನ ಪಿಸರು ಒರೆಸಿದಷ್ಟು ಸಲೀಸಾಗಿ ತೆರೆದೆ. ಆಮೇಲೆ, ನಮ್ಮ ಪದ್ಧತಿಯಂತೆ, ನಿಲ್ಲದ ಪಿಂಗ್ ಹಚ್ಚಿ ಕೈ ಕಟ್ಟಿ ಕೂತೆ.

ಮಾನ್ಯರೇ, ತಮ್ಮ ಸಭ್ಯತೆಯನ್ನು ಎಷ್ಟು ಹೊಗಳಿದರೂ ಸಾಲದು. ನಿಜವಾದ ರೂಟರುಗಳು ಒಮ್ಮೊಮ್ಮೆಯಾದರೂ ಉತ್ತರ ತಪ್ಪಿಸಿ ನಮ್ಮನ್ನು ಎಚ್ಚರಿಸುತ್ತವೆ. ತಾವು ಒಂದೇ ಒಂದು ಸಲವೂ ತಪ್ಪದೆ ಇದ್ದೇನೆ, ಇದ್ದೇನೆ, ಇದ್ದೇನೆ ಎಂದು ಜೋಗುಳದಂತೆ ಹೇಳುತ್ತಲೇ ಹೋದಿರಿ. ಪರದೆಯ ಬಲಮೂಲೆಯಲ್ಲಿ ಉಳಿದ ಸಮಯ ಎಣಿಸುವ ಗಡಿಯಾರ ಹಳದಿಗೆ ತಿರುಗಿತು. ನಾನು ಕಾದಿದ್ದು ಮಾತ್ರ ಲೆಕ್ಕ ವಿಭಾಗದವರ ಕರೆಗೆ. ಆಗ ಹೊಳೆಯಿತು: ನನ್ನ ಫೋನನ್ನು ಹೊರಗಿನ ಪೆಟ್ಟಿಗೆಯಲ್ಲಿ ಇಡಿಸಿಕೊಂಡಿದ್ದಾರೆ, ಪಾಪ, ಅವರು ಕರೆ ಮಾಡಿ ಮಾಡಿ ಸಾಯುತ್ತಿದ್ದರೆ ನನಗೆ ತಿಳಿಯುವುದಾದರೂ ಹೇಗೆ? ಕೈ ಎತ್ತಿದೆ. ಮೇಲ್ವಿಚಾರಕಿ ಬಂದರು.

ನನ್ನ ಫೋನಿಗೆ ಯಾರಾದರೂ ಮಾಡಿದ್ದರೇ ಎಂದು ಕೇಳಿದೆ.

"ಯಾರು, ಮನೆಯವ್ರಾ?"

"ಅಲ್ಲಮ್ಮ, ಲೆಕ್ಕ ವಿಭಾಗದವ್ರು. ಪ್ರಿಂಟರ್ ವಿಷಯ."

ಆಕೆ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅವ್ರು ಊಟಕ್ಕೆ ಹೋಗಿರ್ತಾರೆ, ನೀವು ಪರೀಕ್ಷೆ ಬರೀರಿ" ಎಂದರು. ಸಮಾಧಾನ ಹೇಳುವ ಆತುರದಲ್ಲಿ ಅವರಾಡಿದ ಈ ಮಾತೇ ನನ್ನನ್ನು ಮುಳುಗಿಸಿತು. ಊಟಕ್ಕೆ ಹೋದವರು ಬಂದೇ ಬರುತ್ತಾರಲ್ಲ, ಬಂದೊಡನೆ ಪ್ರಿಂಟ್ ತೆಗೆದು ನೋಡುತ್ತಾರಲ್ಲ, ಇನ್ನೊಂದು ಗಳಿಗೆ ಕಾದರೇನು ಎಂದು ಕಾದೆ. ಗಡಿಯಾರ ಕೆಂಪಾಯಿತು. ಆಮೇಲೆ ಗಡಿಯಾರವೇ ಇರಲಿಲ್ಲ, ಪರದೆಯ ಮೇಲೆ ಪರೀಕ್ಷೆ ಮುಗಿಯಿತು, ಧನ್ಯವಾದಗಳು ಎಂದಿತ್ತು. ತಮ್ಮ ಹಿಂದೆ ಸಾಲಾಗಿ ನಿಂತಿದ್ದ ಪ್ರಶ್ನೆಗಳ ಮುಖವನ್ನೂ ನಾನು ನೋಡಲಿಲ್ಲ.

ಮನೆಗೆ ಬಂದು ಹೇಳಿದರೆ ಅಕ್ಕ ಸೂಜಿಯನ್ನು ಬಾಯಿಂದ ತೆಗೆದು, "ಜೀವಮಾನದಲ್ಲಿ ಒಂದನ್ನ ಪೂರ್ತಿ ಮಾಡ್ದೆ, ಅದೂ ಇಲ್ಲದೋರ ಮನೆ ಕೆಲಸ" ಎಂದಳು. ಸೂಜಿಯನ್ನು ಮತ್ತೆ ಬಾಯಿಗೆ ಇಟ್ಟುಕೊಂಡಳು, ನಗು ಬರುತ್ತಿತ್ತೆಂದು ಕಾಣುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ಮತ್ತೆ ಪರೀಕ್ಷೆ ಕಟ್ಟಿದಾಗ ತಾವು ದಯಮಾಡಿ ಎಲ್ಲರಿಗಿಂತ ಕೊನೆಗೆ ಬರಬೇಕು. ಬರಲಾಗದಿದ್ದರೆ, ಸಂಪರ್ಕ ಸರಿಹೋದ ಕೂಡಲೇ ಶಾಖಾ ಕಚೇರಿಯಿಂದ ಒಬ್ಬರು, ಗುಮಾಸ್ತರಾದರೂ ಸೈ, ಪರದೆಯ ಅಂಚಿನಿಂದ ತಲೆ ಹೊರಗೆ ಹಾಕಿ "ಬಂತಪ್ಪ" ಎಂದು ಹೇಳಿಹೋಗುವ ಏರ್ಪಾಡಾಗಬೇಕು. ಅಷ್ಟು ಹೊತ್ತು ಗಡಿಯಾರದವರಿಗೆ ಒಂದು ಸ್ಟೂಲು ಹಾಕಿ ಕೂರಿಸಬೇಕು, ಪಾಪ, ಅವರೂ ಓಡಿ ಓಡಿ ದಣಿದಿರುತ್ತಾರೆ. ಲೆಕ್ಕ ವಿಭಾಗದವರ ಊಟದ ವೇಳೆಯನ್ನು ಪ್ರಶ್ನೆಯಲ್ಲೇ ನಮೂದಿಸಿದರೆ ಮತ್ತೂ ಉಪಕಾರ.

ಈಗ ನಾನು ಫೋನ್ ಮೇಜಿನಲ್ಲಿದ್ದೇನೆ. ಬೆಳಗಿನಿಂದ ನೀರು ಕುಡಿಯದೆ ಕಾದ ನನಗೆ ಬಂದ ಮೊದಲ ಕರೆಯೇ, "ಲೆಕ್ಕ ವಿಭಾಗದಿಂದ ರೀ, ಪ್ರಿಂಟರ್ ಸಿಗ್ತಿಲ್ಲ" ಎಂದಿತು. ನನ್ನ ಎದೆ ಧಸಕ್ಕೆನ್ನಲಿಲ್ಲ. ಊಟ ಆಯ್ತಾ ಎಂದು ಕೇಳಿದೆ. ಅವರು ತಬ್ಬಿಬ್ಬಾಗಿ ಆಯ್ತು ಎಂದರು. ಹಾಗಾದರೆ ಸರಿ, ಪ್ರಿಂಟ್ ಕೈಗೆ ಬರೋವರೆಗೂ ಲೈನಲ್ಲೇ ಇರ್ತೀನಿ ಎಂದು ಮಾತು ಕೊಟ್ಟೆ. ಇದ್ದೆ ಕೂಡ. ಹಾಳೆ ಹೊರಬಂದ ಸದ್ದು ನನ್ನ ಕಿವಿಗೇ ಕೇಳಿಸಿತು. ತಾವು ನನಗೆ ಎಂದೂ ಕೇಳಿಸದಿದ್ದ ಸದ್ದು ಅದು. ಫೋನಿಟ್ಟು ತಲೆ ಎತ್ತಿದರೆ ಮುಖ್ಯಸ್ಥರು ನಿಂತಿದ್ದರು. ನನ್ನ ಪರದೆಯ ಬಲಮೂಲೆಯಲ್ಲಿ, ಒಂದೊಂದು ಕರೆಗೆ ಇಷ್ಟೇ ಎಂದು ಎಣಿಸುವ ಒಂದು ಪುಟ್ಟ ಗಡಿಯಾರ ಕೆಂಪಗೆ ಉರಿಯುತ್ತಿತ್ತು.

ತಮ್ಮ ವಿಶ್ವಾಸಿ,
ಲೈನಿನಲ್ಲೇ ಇರುವವನು

ತಾ.ಕ.: ಫಲಿತಾಂಶದಲ್ಲಿ ತಮ್ಮ ಪ್ರಶ್ನೆಯೊಂದಕ್ಕೆ ಮಾತ್ರ ಪೂರ್ತಿ ಅಂಕ ಬಂದಿದೆ, ಅಭಿನಂದನೆಗಳು, ಅರ್ಧ ತಮಗೆ ಸೇರಬೇಕು. ಗಾಬರಿಯಲ್ಲಿ ನಾನು ಪಿಂಗ್ ನಿಲ್ಲಿಸದೆ ಎದ್ದು ಬಂದೆ. ತಾವು ಈಗಲೂ ಇದ್ದೇನೆ, ಇದ್ದೇನೆ ಎನ್ನುತ್ತಿದ್ದರೆ ಇನ್ನು ಸಾಕು. ಒಮ್ಮೆಯಾದರೂ ಬಾಯಿ ಬಿಟ್ಟು ನಿಜ ಹೇಳಿ.