ಹೆವಿ ಲೈಸೆನ್ಸಿಗೊಂದು ಹಾರ

ಹೆವಿ ಲೈಸೆನ್ಸು ಬಂದದ್ದರಿಂದ ನರೇಶನಿಗೆ ಏನೂ ತೊಂದರೆಯಾಗಿರಲಿಲ್ಲ. ಅದಕ್ಕೆ ಕಟ್ಟು ಹಾಕಿಸಿದ ಮೇಲೆಯೇ ಎಲ್ಲ ಶುರುವಾದದ್ದು. ಅವನ ತಾಯಿ ಮಂಗಲಾ ಆ ಪುಟ್ಟ ಕಾರ್ಡನ್ನು ಕುಮಟೆಗೆ ಒಯ್ದು, ಬಣ್ಣದ ಝೆರಾಕ್ಸಿನಲ್ಲಿ ದೊಡ್ಡದು ಮಾಡಿಸಿ, ಗಾಜಿನ ಕಟ್ಟು ಹಾಕಿಸಿ, ಹಳದೀಪುರದ ಮನೆಯ ಜಗಲಿಯಲ್ಲಿ ತೂಗುಹಾಕಿದಳು. ಫೋಟೋದ ಹಣೆಗೆ ಕುಂಕುಮವನ್ನೂ ಇಟ್ಟಳು. ಇದೆಲ್ಲ ಪಕ್ಕದ ಮನೆಯ ಸುಷ್ಮಕ್ಕನ ಸಲಹೆ. ತನ್ನ ಮನೆಯ ಒಲೆ ಆರಿದರೂ ನೆರೆಮನೆಯ ಒಲೆಯ ಮೇಲೆ ಕಣ್ಣಿಟ್ಟಿರುವ ಹೆಂಗಸು ಅವಳು.

ಅಲ್ಲಿಯವರೆಗೆ ನರೇಶ ತೆಂಗಿನಕಾಯಿ ವ್ಯಾಪಾರದ ಕಿರಣನ ಪಿಕಪ್ ಓಡಿಸಿಕೊಂಡು ಹೇಗೋ ಇದ್ದ. ಕಟ್ಟು ನೋಡಿದ ಸುಷ್ಮಕ್ಕ ನೇರ ಕಿರಣನ ಅಂಗಡಿಗೆ ಹೋಗಿ, ನರೇಶ ಇನ್ನು ದೊಡ್ಡ ಲಾರಿಯ ಡ್ರೈವರು, ನೀನು ಬೇರೆಯವರನ್ನು ನೋಡಿಕೊಳ್ಳುವುದು ಒಳ್ಳೆಯದು ಎಂದು ಹೇಳಿಬಂದಳು. ಮರುದಿನ ಪಿಕಪ್ಪಿನಲ್ಲಿ ಕಿರಣನ ಭಾವ ಕೂತಿದ್ದ.

"ಹೆವಿ ಡ್ರೈವರ್ ಆದವ ಈ ಆಟದ ಸಾಮಾನು ಎಂತಕ್ಕೆ ಓಡ್ಸೂದು ಮಾರಾಯಾ" ಎಂದು ಕಿರಣ ಪ್ರೀತಿಯಿಂದಲೇ ಬೆನ್ನು ತಟ್ಟಿ ಕಳಿಸಿದ.

ಅಂದಿನಿಂದ ನರೇಶನ ಅಲೆದಾಟ. ಲಾರಿ ಮಾಲೀಕರೆಲ್ಲ ಕೇಳುತ್ತಿದ್ದದ್ದು ಒಂದೇ, ಅನುಭವ ಎಷ್ಟು ವರ್ಷದ್ದು ಎಂದು. ಲಾರಿ ಕೊಟ್ಟರಲ್ಲವೇ ಅನುಭವ ಆಗುವುದು ಎಂದರೆ, ಅನುಭವ ಇದ್ದರಲ್ಲವೇ ಲಾರಿ ಕೊಡುವುದು ಎನ್ನುತ್ತಿದ್ದರು. ಭಟ್ಕಳದವರೊಬ್ಬರು ಮೊದಲು ಕ್ಲೀನರ್ ಆಗಿ ಗಾಜು ಒರೆಸು ಎಂದರು. ಕುಮಟೆಯವರೊಬ್ಬರು ಮದುವೆಯಾಗಿ ಬಾ, ಮದುವೆಯಾಗದವರು ಜೋರು ಓಡಿಸುತ್ತಾರೆ ಎಂದರು. ಹೆಣ್ಣಿನ ಕಡೆಯವರು ಮೊದಲು ಕೆಲಸ ಸಿಗಲಿ ಎಂದು ಆಗಲೇ ಹೇಳಿಯಾಗಿತ್ತು. ಹೊನ್ನಾವರದ ಗಣೇಶಣ್ಣನಂತೂ ಅವನನ್ನು ಗೇಟಿನೊಳಗೇ ಬಿಡಲಿಲ್ಲ. ಮಂಡಿನೋವೆಂದು ಗದ್ದೆಕೂಲಿ ಬಿಟ್ಟಿದ್ದ ಅಮ್ಮ ಮತ್ತೆ ಕತ್ತಿ ಹಿಡಿದು ಕೊಯ್ಲಿಗೆ ಹೊರಟಳು. ಅವಳು ಕುಂಟುತ್ತ ಬೇಲಿಯ ದಣಪೆ ದಾಟುವುದನ್ನು ನೋಡಲಾರದೆ ನರೇಶ ಬೆಳಗಿನ ಹೊತ್ತು ಜಗಲಿಗೆ ಬರುವುದನ್ನೇ ಬಿಟ್ಟಿದ್ದ. ಜಗಲಿಯಲ್ಲಿ ಗೋಡೆಯ ಮೇಲಿನ ನರೇಶ ಬೇರೆ ಅವನನ್ನು ದುರುಗುಟ್ಟಿ ನೋಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಗಣೇಶಣ್ಣನೇ ಫೋನು ಮಾಡಿದ. ಲಾರಿ ತಯಾರಿದೆ, ಸಿಕ್ಕಿದ ಬಸ್ಸು ಹತ್ತಿ ಬಾ ಎಂದ. ನರೇಶ ಅಂಗಿಯ ಗುಂಡಿಯನ್ನು ಬಸ್ಸಿನಲ್ಲೇ ಹಾಕಿಕೊಂಡ.

ಗಣೇಶಣ್ಣನ ಅಂಗಳದಲ್ಲಿ ಲಾರಿಗಳೆಲ್ಲ ಸಾಲಾಗಿ ನಿಂತಿದ್ದವು. ಡ್ರೈವರ್ ಒಬ್ಬನೂ ಕಾಣಲಿಲ್ಲ. ಅವರಿಗೆಲ್ಲ ಇವತ್ತು ರಜೆ ಎಂದ ಗಣೇಶಣ್ಣ. ಹಿಂದಿನ ದಿನವೇ ಕೆಂಪು ಚಿರೆಕಲ್ಲು ತುಂಬಿ ನಿಂತಿದ್ದ ಲಾರಿಯನ್ನು ತೋರಿಸಿ, ಭಟ್ಕಳದ ಹತ್ತಿರ ಜಾಲಿಯಲ್ಲಿ ಮನೆ ಕಟ್ಟುವವರು ಕಾಯುತ್ತಿದ್ದಾರೆ, ಇಳಿಸಿ ಬಾ ಎಂದು ಕೀಲಿ ಕೊಟ್ಟ. ಕೇಳಿ ಕೇಳಿ ಅಭ್ಯಾಸವಾಗಿದ್ದ ನರೇಶ ತಾನಾಗಿಯೇ ಹೇಳಿಬಿಟ್ಟ.

"ಒಡೇರೆ, ನಂಗೆ ಅನುಭವ ಇಲ್ಲ."

"ಅನುಭವ ಎಂತಕ್ಕೆ ತಮಾ? ಸ್ಟೇರಿಂಗ್ ಹಿಡಿದ್ರೆ ಅದು ತನ್ನಷ್ಟಕ್ಕೆ ಬರ್ತದೆ."

ಇಷ್ಟು ಒಳ್ಳೆಯ ಮನುಷ್ಯನನ್ನು ಇಷ್ಟು ದಿನ ಮನಸ್ಸಿನಲ್ಲೇ ಬೈದುಕೊಂಡೆನಲ್ಲ ಎಂದು ನರೇಶನಿಗೆ ನಾಚಿಕೆಯಾಯಿತು.

ಶರಾವತಿ ಸೇತುವೆಯ ಮೇಲೆ ಲಾರಿ ಆನೆಯ ಹಾಗೆ ಗಂಭೀರವಾಗಿ ಸಾಗಿತು. ಹೆದ್ದಾರಿಯಲ್ಲಿ ಎದುರಿಗೆ ಒಂದೇ ಒಂದು ಲಾರಿ ಬರಲಿಲ್ಲ, ಹಿಂದೆಯೂ ಇರಲಿಲ್ಲ. ಮೊದಲ ದಿನವೆಂದು ದೇವರೇ ರಸ್ತೆ ಬಿಡಿಸಿಕೊಟ್ಟ ಎಂದುಕೊಂಡ ನರೇಶ. ನಾಳೆಯಿಂದ ಅಮ್ಮ ಗದ್ದೆಗೆ ಹೋಗುವುದು ಬೇಡ ಎಂದುಕೊಂಡಾಗ ಅವನ ಕಣ್ಣು ತೇವವಾಯಿತು.

ಸೇತುವೆಯಾಚೆಯ ಕಾಸರಕೋಡಿನಲ್ಲಿ ರಸ್ತೆ ಬದಿಗೆ ಚಪ್ಪರ ಕಂಡಿತು. ಜನ ಕೈಬೀಸುತ್ತಿದ್ದರು. ಯಾರದೋ ಮದುವೆ ಇರಬೇಕೆಂದು ನರೇಶ ಹಾರ್ನ್ ಹಾಕಿ ತಾನೂ ಕೈಬೀಸಿದ. ಆಗ ಅವರೆಲ್ಲ ಒಟ್ಟಾಗಿ ರಸ್ತೆಯ ನಡುವೆ ಬಂದು ನಿಂತರು. ಎಲ್ಲರ ಮೈಮೇಲೂ ಖಾಕಿ ಅಂಗಿ. ಅದು ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕಿನ ಲಾರಿ ಡ್ರೈವರುಗಳ ಸ್ಟ್ರೈಕು, ಅಂದು ಬೆಳಿಗ್ಗೆಯಷ್ಟೇ ಶುರುವಾದದ್ದು. ಊರಿನ ಸುದ್ದಿಯೆಲ್ಲ ಗೊತ್ತಿದ್ದ ಸುಷ್ಮಕ್ಕನಿಗೆ ಆ ಒಂದು ಸುದ್ದಿ ಮಾತ್ರ ತಿಳಿದಿರಲಿಲ್ಲ.

ಇದು ಗಣೇಶನ ಲಾರಿ, ಇವ ಸ್ಟ್ರೈಕ್ ಮುರಿಯಲು ಬಂದವ ಎಂದು ಯಾರೋ ಕೂಗಿದರು. ಒಬ್ಬ ಆಗಲೇ ಟೈರಿನ ಗಾಳಿ ಬಿಡಲು ಕೂತಿದ್ದ. ಮತ್ತೊಬ್ಬ ನರೇಶನ ಕಾಲರ್ ಹಿಡಿದು ಕೆಳಗಿಳಿಸಿದ. ಅವರ ಮುಖಂಡ ತಿಮ್ಮಣ್ಣ, ಲಾರಿಯಲ್ಲೇ ತಲೆ ಹಣ್ಣಾದವನು, ನೀನು ಯಾರು ಎಂದು ಕೇಳಿದ. ಪ್ರಾಣಭಯದಲ್ಲಿ ನರೇಶನಿಗೊಂದು ಉಪಾಯ ಹೊಳೆಯಿತು.

"ನಾನೂ ಡ್ರೈವರೇ ತಿಮ್ಮಣ್ಣ. ಒಡೇರು ಬೇರೆಯವ್ರನ್ನ ಕೂರ್ಸಿ ಲೋಡು ಕಳ್ಸೂಕೆ ನೋಡ್ತಿದ್ರು. ಅದ್ಕೇ ಲಾರಿನೇ ಇಲ್ಲಿಗೆ ತಂದೆ."

ತಿಮ್ಮಣ್ಣ ಅವನನ್ನು ತಬ್ಬಿಕೊಂಡ. ಕಾಲರ್ ಹಿಡಿದವನೇ ಹೆಗಲ ಮೇಲೆ ಕೂರಿಸಿಕೊಂಡ. ತಿಮ್ಮಣ್ಣನಿಗೆಂದು ತಂದಿದ್ದ ಚೆಂಡುಹೂವಿನ ಹಾರ ನರೇಶನ ಕೊರಳಿಗೆ ಬಿತ್ತು. ಲಾರಿಯನ್ನು ಚಪ್ಪರದ ಪಕ್ಕಕ್ಕೆ ತಂದು, ಅವನನ್ನು ಕಲ್ಲಿನ ಮೇಲೆ ಹತ್ತಿಸಿ, ಘೋಷಣೆ ಕೂಗು ಡ್ರೈವರೇ ಎಂದರು. ಅವನನ್ನು ಯಾರಾದರೂ ಡ್ರೈವರೇ ಎಂದು ಕರೆದದ್ದು ಅದೇ ಮೊದಲು.

ನರೇಶ ಕೂಗಿದ. ನಮ್ಮ ಬೇಡಿಕೆ ಈಡೇರಲೇಬೇಕು ಎಂದು, ತಿಂಗಳುಗಟ್ಟಲೆ ಒಳಗೆ ಕಟ್ಟಿಕೊಂಡಿದ್ದ ಸಂಕಟವನ್ನೆಲ್ಲ ಸೇರಿಸಿ ಕೂಗಿದ. ಬೇಡಿಕೆ ಏನೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಲಾರಿಯನ್ನೇ ತಂದವನು ಈಗ ಅದನ್ನು ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ಸುಮ್ಮನಿದ್ದ. ಸ್ಕೂಟರಿನಲ್ಲಿ ಧಾವಿಸಿ ಬಂದ ಗಣೇಶಣ್ಣ, ತನ್ನದೇ ಕಲ್ಲಿನ ಮೇಲೆ ನಿಂತು ತನ್ನ ವಿರುದ್ಧವೇ ಕೂಗುವ ಹುಡುಗನನ್ನು ಕಂಡು ತಲೆಯ ಮೇಲೆ ಕೈಯಿಟ್ಟುಕೊಂಡ. ಉಳಿದ ಮಾಲೀಕರೂ ಬಂದರು. ಲೋಡಾದ ಲಾರಿಯೇ ಆ ಕಡೆ ಸೇರಿದ ಮೇಲೆ ಇನ್ನು ಎಳೆದಾಡಿ ಫಲವಿಲ್ಲ ಎಂದು ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಒಪ್ಪಿಕೊಂಡರು.

ತಿಮ್ಮಣ್ಣ ಮೈಕು ಹಿಡಿದು ಸಾರಿದ. ಭತ್ಯೆ ಹೆಚ್ಚುತ್ತದೆ. ವಾರಕ್ಕೊಂದು ರಜೆ ಸಿಗುತ್ತದೆ. ನರೇಶ ಚಪ್ಪಾಳೆ ತಟ್ಟಿದ.

"ಇನ್ನೊಂದು ಅದೆ, ಅದೇ ಮುಖ್ಯ. ಅರ್ಧ ಸಂಬಳಕ್ಕೆ ಹೊಸಬ್ರನ್ನ ತರ್ತೇವೆ ಅಂತ ಒಡೇರು ನಮ್ಮನ್ನ ಹೆದರಿಸ್ತಿದ್ರು. ಇನ್ಮುಂದೆ ಭಟ್ಕಳ, ಹೊನ್ನಾವರ, ಕುಮಟೆಯಲ್ಲಿ ಐದು ವರ್ಷ ಅನುಭವ ಇಲ್ದವ್ರು ಸ್ಟೇರಿಂಗ್ ಮುಟ್ಟೂ ಹಾಂಗಿಲ್ಲ."

ನರೇಶ ಅದಕ್ಕೂ ಚಪ್ಪಾಳೆ ತಟ್ಟಿದ. ಮಾತು ತಲೆಗೆ ಇಳಿಯುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿತ್ತು. ಗಣೇಶಣ್ಣ ಅಂದು ಮೊದಲ ಸಲ ನಕ್ಕ.

"ಹಾಂಗಾದ್ರೆ ಮೊದ್ಲು ಇವನ್ನೇ ಇಳಿಸ್ರಿ. ಇವಂಗೆ ಅನುಭವ ಇವತ್ತು ಬೆಳಗಿಂದು."

ಹೌದೇ ಎಂದು ತಿಮ್ಮಣ್ಣ ಕೇಳಿದ. ನರೇಶ ಏನೋ ಹೇಳಲು ಹೋದ, ಕೂಗಿ ಕೂಗಿ ಸ್ವರ ಬಿದ್ದುಹೋಗಿತ್ತು. ತಿಮ್ಮಣ್ಣನಿಗೂ ಬೇಸರವಾಯಿತು. ಆದರೆ ನೀನೇ ಕೂಗಿ ಗೆಲ್ಲಿಸಿದ ನಿಯಮವನ್ನು ನಾವು ಹೇಗೆ ಮುರಿಯುವುದು ಎಂದು ಮೆಲ್ಲನೆ ಕೀಲಿ ಇಸಿದುಕೊಂಡ. ಲಾರಿ ಬೇರೊಬ್ಬನ ಕೈಯಲ್ಲಿ ಜಾಲಿಯ ಕಡೆ ಹೋಯಿತು.

ಕಿರಣನ ಕಾಲು ಹಿಡಿದಾದರೂ ಪಿಕಪ್ ಕೇಳೋಣವೆಂದು ನರೇಶ ಹಳದೀಪುರದಲ್ಲಿ ಬಸ್ಸಿಳಿದು ನೇರ ಅಂಗಡಿಗೆ ಹೋದ. ಅವನು ಕಲ್ಲಿನ ಮೇಲೆ ನಿಂತು ಕೂಗುವ ವಿಡಿಯೋ ಸುಷ್ಮಕ್ಕನ ಮೊಬೈಲಿಗೆ ಬಂದು, ಅಷ್ಟರಲ್ಲಿ ಅವಳು ಎಲ್ಲರಿಗೂ ತೋರಿಸಿಯಾಗಿತ್ತು. ಮುಖಂಡರನ್ನು ಕೆಲಸಕ್ಕಿಟ್ಟುಕೊಂಡು ನಾನು ಬದುಕುವುದು ಹೇಗೆ ಎಂದು ಕಿರಣ ಕೈಮುಗಿದ.

ಮನೆಯಲ್ಲಿ, ಗದ್ದೆಯಿಂದ ಬಂದು ವಿಡಿಯೋ ನೋಡಿದ್ದ ಅಮ್ಮನ ಮುಖ ಅರಳಿತ್ತು. ಮಗನ ಕೊರಳಿನ ಹಾರವನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಗೋಡೆಯ ಮೇಲಿನ ಲೈಸೆನ್ಸಿನ ಫೋಟೋಕ್ಕೇ ಹಾಕಿ, ಮಂಡಿ ಹಿಡಿದುಕೊಂಡು ಒಳಗೆ ಹೋದಳು. ನಾಳೆಯೂ ಅವಳಿಗೆ ಕೊಯ್ಲಿತ್ತು. ಕಲ್ಲಿನ ಕೆಂಪು ಧೂಳಿನಲ್ಲಿ ಮುಳುಗಿದ್ದ ನರೇಶ ಜಗಲಿಯಲ್ಲಿ ಕುಸಿದು ಕೂತ.

ಕರೆಂಟ್ ಬಿಲ್ಲು ಕೊಡಲು ಹೊಸಬನೊಬ್ಬ ಬಂದ. ಮೀಟರು ನೋಡುತ್ತಿದ್ದವನ ಕಣ್ಣು ಗೋಡೆಯ ಮೇಲೆ ಹೋಯಿತು. ಹಣೆಯಲ್ಲಿ ಕುಂಕುಮ, ಸುತ್ತ ಹೂವಿನ ಹಾರ. ಅವನು ಚಪ್ಪಲಿ ಕಳಚಿ ನಿಂತ.

"ನಿಮ್ಮ ತಮ್ಮನಾ? ಪಾಪ, ಸಣ್ಣ ಪ್ರಾಯ. ಯಾವಾಗ ಹೋದದ್ದು?"

ನರೇಶ ಫೋಟೋ ನೋಡಿದ. ಉಳಿದಿದ್ದ ಒಂದಿಷ್ಟು ಸ್ವರದಲ್ಲಿ ಹೇಳಿದ.

"ಇವತ್ತು ಮಧ್ಯಾಹ್ನ."