ಕರೆಯುವವರೆಗೆ ನಡೆಯಬೇಕು

ಬದುಕಿನಲ್ಲಿ ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ತಟ್ಟನೆ ಬಾಯಿ ಬಿಡಬೇಡಿ. ಇದು ನನ್ನ ಮೊದಲ ಸಲಹೆ. ಪ್ರಶ್ನೆಯನ್ನು ಕೇಳಿದವರ ಕಡೆಗೇ ತಿರುಗಿಸಿ, "ನೀವೇ ಹೇಳಿ, ಏನಿದೆ ನಿಮ್ಮ ಹತ್ತಿರ" ಎನ್ನಿ. ಬೇಕಾದದ್ದನ್ನು ಬೇಕು ಎಂದು ಒಪ್ಪಿಕೊಂಡ ಗಳಿಗೆಯಿಂದಲೇ ಅದರ ಬೆಲೆ ಏರತೊಡಗುತ್ತದೆ. ತೇಗದ ಬಾಗಿಲನ್ನು ನೋಡಿದಾಗ ಮೊದಲು ಮೂಗು ಮುರಿಯಬೇಕು, ಆಮೇಲೆ ಗೆದ್ದಲು ಹುಡುಕಬೇಕು, ಗೆದ್ದಲು ಇಲ್ಲದಿದ್ದರೆ "ಇನ್ನು ಮೇಲೆ ಬರುತ್ತೆ" ಎನ್ನಬೇಕು. ಈ ವಿದ್ಯೆಯೊಂದನ್ನೇ ನಂಬಿ ನಾನು ಕಡಕೊಳದ ಆಚೆಯ ಹಳ್ಳಿಯಿಂದ ಮೈಸೂರಿಗೆ ಬರಿಗೈಯಲ್ಲಿ ಬಂದವನು. ಹಳೇ ಮನೆ ಕೆಡವುವ ಕಡೆ ಹೋಗಿ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡು, ಹೊಸ ಮನೆ ಕಟ್ಟುವವರಿಗೆ ಮಾರಿ, ಸರಸ್ವತಿಪುರಂನಲ್ಲಿ ಮನೆ ಮಾಡಿಕೊಂಡೆ. ನನಗೆ ಯಾವ ಮರವಾದರೂ ಬೇಕು ಎಂದು ಇಷ್ಟು ವರ್ಷದಲ್ಲಿ ಒಬ್ಬರ ಎದುರಿಗೂ ಒಪ್ಪಿಕೊಂಡಿಲ್ಲ. ಅದರ ಫಲ ಏನೆಂದರೆ, ಈಗ ಅಂಗಡಿಯನ್ನು ತಂಗಿಯ ಮಗನಿಗೆ ಒಪ್ಪಿಸಿ ಮನೆಯಲ್ಲಿ ಕೂತಿರುವಾಗ, ನನಗೆ ನಿಜವಾಗಿ ಏನು ಬೇಕು ಎಂಬುದು ನನಗೇ ಗೊತ್ತಿಲ್ಲ. ಅಡಗಿಸಿಟ್ಟ ಜಾಗವೇ ಮರೆತುಹೋಗಿದೆ.

ನನ್ನ ವಿದ್ಯೆಯ ತಿರುಳು ಚೌಕಾಸಿಯಲ್ಲಿಲ್ಲ, ಎದ್ದು ಹೋಗುವುದರಲ್ಲಿದೆ. ಮಾತು ಒಂದು ಕಡೆ ನಿಂತುಬಿಟ್ಟಾಗ "ಹಾಗಾದ್ರೆ ಬಿಡಿ" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡು ನಡೆದುಬಿಡಬೇಕು. ಓಡಬಾರದು, ಓಡಿದರೆ ಕೋಪ ಬಂದಿದೆ ಎಂದುಕೊಳ್ಳುತ್ತಾರೆ. ತೀರಾ ನಿಧಾನವೂ ಸಲ್ಲದು, ಆಸೆ ಇದೆ ಎಂದು ತಿಳಿದುಹೋಗುತ್ತದೆ. ಮುಖ್ಯವಾಗಿ, ತಿರುಗಿ ನೋಡಬಾರದು. ಬಾಗಿಲು ದಾಟಿ, ಗೇಟು ದಾಟಿ, ಕೆಲವೊಮ್ಮೆ ಬೀದಿಯ ತಿರುವಿನವರೆಗೂ ಹೋದ ಮೇಲೆ ಹಿಂದಿನಿಂದ "ಸ್ವಾಮೀ, ಬನ್ನಿ ಇಲ್ಲಿ" ಎಂಬ ಕೂಗು ಬರುತ್ತದೆ. ನನಗೆ ಆ ಕೂಗು ಬಾರದೇ ಹೋದದ್ದಿಲ್ಲ. ಬೀದಿಯ ಹೊಸ ಸಂಸಾರಗಳಿಗೆಲ್ಲ ಈ ವಿದ್ಯೆಯನ್ನು ನಾನೇ ಕರೆದು ಕಲಿಸಿದ್ದೇನೆ. ಅದಕ್ಕೂ ಮೊದಲಿನ ಶಿಷ್ಯೆ ನನ್ನ ಹೆಂಡತಿ ನಾಗರತ್ನ. ಮದುವೆಯಾದ ಹೊಸತರಲ್ಲಿ ಸೀರೆ ಅಂಗಡಿಯಿಂದ ಅವಳನ್ನು ಎದ್ದು ಬರಲು ಹೇಳಿ, "ತಿರುಗಿ ನೋಡ್ಬೇಡ ಕಣೇ, ಕರೀತಾನೆ" ಎಂದು ಪಿಸುಗುಟ್ಟಿದ್ದು ನೆನಪಿದೆ. ಕರೆದ ಕೂಡ. ಆಮೇಲೆ ನಾನು ಊಟಕ್ಕೆ ಹೋದಾಗ ಅವಳೇ ಅಂಗಡಿ ನೋಡಿಕೊಳ್ಳುತ್ತಿದ್ದುದರಿಂದ ಮಾರುವವರ ಕಡೆಯ ಪಾಠವನ್ನೂ ಹೇಳಿಕೊಟ್ಟೆ. "ಗಿರಾಕಿ ಎದ್ದು ಹೋದ್ರೆ ಕರೀಬೇಡ. ಸುಮ್ನೆ ನಿನ್ನ ಕೆಲಸ ನೋಡ್ಕೊಂಡಿರು. ಬೇಕಾಗಿದ್ರೆ ಅವನೇ ಬರ್ತಾನೆ. ಒಂದ್ಸಲ ಹೋಗಿ ವಾಪಸ್ ಬಂದೋನು ಮತ್ತೆ ಬಾಯಿ ಬಿಡೋ ಹಂಗಿಲ್ಲ, ಕೊಟ್ಟಿದ್ದು ತಗೊಂಡು ಹೋಗ್ಬೇಕು." ನಾಗರತ್ನ ಒಂದೇ ಸಲಕ್ಕೆ ಕಲಿತಳು. ಅವಳಂಥ ಶಿಷ್ಯೆ ನನಗೆ ಮತ್ತೆ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಎಂದು ಈಗನ್ನಿಸುತ್ತದೆ.

ನಾಗರತ್ನ ಈಚೆಗೆ ಯೋಗದ ಕ್ಲಾಸಿಗೆ ಹೋಗುತ್ತಾಳೆ. ಅಲ್ಲಿಯ ಮೇಡಂ ಉಸಿರಾಟದ ಜೊತೆಗೆ ಬದುಕನ್ನೂ ಹೇಳಿಕೊಡುತ್ತಾರಂತೆ. ಹೋದ ವಾರ ಒಂದು ಮನೆಪಾಠ ಕೊಟ್ಟಿದ್ದರು. ನೀವು ಆಸೆಪಡುವ ಬದುಕು ಎಂಥದು ಎಂದು ಕಂಡುಕೊಳ್ಳಲು ಕಣ್ಣು ಮುಚ್ಚಿ, ಆ ಬದುಕಿನ ಒಂದು ದಿನವನ್ನು ಬೆಳಗ್ಗೆಯಿಂದ ರಾತ್ರಿಯವರೆಗೆ ನೋಡಬೇಕು, ಕಂಡದ್ದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು. ಆಗ ನಾವಿಬ್ಬರೂ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳಿನ ಬುಟ್ಟಿ ಇಟ್ಟುಕೊಂಡು ಹಿದುಕುತ್ತಾ ಕೂತಿದ್ದೆವು. ಅಂಗಡಿ ಬಿಟ್ಟ ಮೇಲೆ ನನಗೆ ಸಿಕ್ಕಿರುವ ಮೊದಲ ಉದ್ಯೋಗ ಇದು. ಸಿಪ್ಪೆ ಒತ್ತಿದರೆ ಕಾಳು ಪುಟಕ್ಕನೆ ಹಾರಿ ಬೋಸಿಗೆ ಬೀಳಬೇಕು. ನನ್ನದು ಒಲೆಯ ಕೆಳಗೆ ಬೀಳುತ್ತಿತ್ತು. "ಹೇಳು ನೋಡೋಣ ನಿನ್ನ ದಿನವನ್ನ" ಎಂದೆ. ಕೇಳುವುದರಲ್ಲಿ ನಷ್ಟವೇನೂ ಕಾಣಲಿಲ್ಲ.

ಅವಳು ಕಣ್ಣು ಮುಚ್ಚಿದಳು. ಕೈ ಮಾತ್ರ ನಿಲ್ಲಲಿಲ್ಲ, ಅವಳ ಕಾಳು ಕಣ್ಣು ಮುಚ್ಚಿದರೂ ಬೋಸಿಗೇ ಬೀಳುತ್ತಿತ್ತು. "ಬೆಳಗ್ಗೆ ತಾನಾಗಿ ಎಚ್ಚರ ಆಗುತ್ತೆ. ಯಾರಿಗೂ ಕಾಫಿ ಬೆರೆಸೋಕೆ ಏಳೋದಲ್ಲ. ಮೆಟ್ಟಿಲು ಹತ್ಕೊಂಡು ಬೆಟ್ಟಕ್ಕೆ ಹೋಗ್ತೀನಿ. ನಂದಿ ಹತ್ರ ಸುಮ್ನೆ ಕೂರ್ತೀನಿ. ಗುಡೀಲಿ ತಾಯಿ ಹತ್ರ ಏನೂ ಕೇಳಲ್ಲ, ನೋಡಿ ಬರ್ತೀನಿ ಅಷ್ಟೆ." ಇಲ್ಲಿ ನಾನಿಲ್ಲ. ಇರಲಿ, ನಾನು ಮಲಗಿರಬೇಕು ಎಂದುಕೊಂಡೆ. "ಬಸ್ಸಲ್ಲಿ ಇಳಿದು ಬಂದು ಹೋಟೆಲಲ್ಲಿ ಸೆಟ್ ದೋಸೆ. ಕಿಟಕಿ ಪಕ್ಕದ ಟೇಬಲ್ಲು." ಎದುರಿನ ಕುರ್ಚಿಯ ಮಾತು ಬರಬಹುದೆಂದು ಕಾದೆ, ಬರಲಿಲ್ಲ. ಮಧ್ಯಾಹ್ನ ಚಿಲಕ ಹಾಕಿಕೊಂಡು ನಿದ್ದೆ. ಚಿಲಕವನ್ನು ನನ್ನನ್ನು ಒಳಗಿಟ್ಟು ಹಾಕಿಕೊಂಡಳೋ, ನನ್ನನ್ನು ಹೊರಗಿಟ್ಟು ಹಾಕಿಕೊಂಡಳೋ ಸ್ಪಷ್ಟವಾಗಲಿಲ್ಲ. ಆಮೇಲೆ ಸ್ಕೂಟರ್ ಓಡಿಸಲು ಕಲಿತಿರುತ್ತಾಳಂತೆ. ಸಂಜೆ ನಾಯಿ ಕರೆದುಕೊಂಡು ಬೀದಿಯಲ್ಲಿ ಒಂದು ಸುತ್ತು. ರಾತ್ರಿ ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ, ರೇಡಿಯೋ. "ಅಷ್ಟೇ ಕಣ್ರೀ. ನಿದ್ದೆ ಬಂದ್ಬುಡುತ್ತೆ" ಎಂದು ಕಣ್ಣು ಬಿಟ್ಟಳು. ಅವಳ ಮುಖ ಎಷ್ಟು ತೃಪ್ತವಾಗಿತ್ತೆಂದರೆ, ಅಷ್ಟು ತೃಪ್ತಿಯನ್ನು ಅಲ್ಲಿ ನಾನು ನೋಡಿ ಬಹಳ ಕಾಲವಾಗಿತ್ತು.

ನಮ್ಮ ಮನೆಯಲ್ಲಿ ನಾಯಿ ಇಲ್ಲ, ಎಂದೂ ಇರಲಿಲ್ಲ. ಇಲ್ಲದ ನಾಯಿಗೆ ಸಿಕ್ಕ ಜಾಗ ಇರುವ ಗಂಡನಿಗೆ ಸಿಗಲಿಲ್ಲ.

"ನಾನೆಲ್ಲಿದ್ದೆ?" ಎಂದು ಕೇಳಿದೆ.

ಅವಳು ನಿಜವಾಗಿಯೂ ಯೋಚಿಸಿದಳು. ನನಗೆ ಹೆಚ್ಚು ನೋವಾದದ್ದು ಅದೇ. ತಮಾಷೆ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. "ಅಯ್ಯೋ, ಹೌದಲ್ಲ. ನೀವು ಅಂಗಡೀಲಿ ಇದ್ರಿ ಅಂತ ಕಾಣುತ್ತೆ."

"ಅಂಗಡಿ ಬಿಟ್ಟಿದೀನಲ್ಲೇ."

"ಅದು ನೆನಪಾಗ್ಲಿಲ್ಲ ನೋಡಿ. ಇಷ್ಟು ವರ್ಷ ಅಲ್ಲೇ ಇದ್ರಲ್ಲ."

ನೀವು ಗಮನಿಸಬೇಕು. ನನಗೆ ಇನ್ನು ಹೋಗಲು ಅಂಗಡಿಯಿಲ್ಲ. ಮುಂದೆ ಉಳಿದಿರುವ ದಿನಗಳೆಲ್ಲ ಈ ಮನೆಯಲ್ಲಿ, ಇವಳ ದಿನಗಳ ಜೊತೆಗೇ ಕಳೆಯಬೇಕು. ಆ ದಿನಗಳಲ್ಲಿ ನನಗೆ ಕಾಲಿಡಲು ಜಾಗವಿಲ್ಲ ಎಂದರೆ ನಾನು ಎಲ್ಲಿಗೆ ಹೋಗಲಿ? ಆದರೆ ಈ ಅಳುಕನ್ನು ತೋರಿಸಿದರೆ ಬೆಲೆ ಏರುತ್ತದೆಯಲ್ಲ, ಆದ್ದರಿಂದ ಚೌಕಾಸಿಗೆ ಇಳಿದೆ. "ಬೆಟ್ಟಕ್ಕೆ ನಾನೂ ಬರ್ತೀನಿ ಬಿಡು" ಎಂದೆ, ಅವಳಿಗೆ ಉಪಕಾರ ಮಾಡುವವನ ಹಾಗೆ.

"ನೀವಾ? ನಿಮ್ಮ ಜೊತೆ ಬೆಟ್ಟಕ್ಕೆ ಹೋದಾಗೆಲ್ಲ ನಾನು ನೋಡಿದ್ದು ಏನು ಹೇಳಿ. ನೀವು ಹೂವಿನೋಳ ಹತ್ರ ಮೊಳ ಹಾಕಿಸ್ಕೊಂಡು ನಿಂತಿದ್ದನ್ನ. ಒಂದ್ಸಲ ಮಂಗಳಾರತಿ ಆಗೋಯ್ತು, ಪರದೆ ಎಳೆದ್ಬುಟ್ರು, ನೀವಿನ್ನೂ ತೆಂಗಿನಕಾಯಿ ಅಲ್ಲಾಡಿಸ್ತಾನೇ ಇದ್ರಿ."

"ಆ ಕಾಯಲ್ಲಿ ನೀರಿರ್ಲಿಲ್ಲ."

"ತಾಯಿ ನೀರು ಕೇಳಿದ್ಲಾ?"

ದೋಸೆಯ ಕಡೆ ತಿರುಗಿದೆ. ಅಲ್ಲಿಯೂ ನನ್ನ ಮೇಲೆ ಹಳೆಯ ದೂರುಗಳಿದ್ದವು. ಒಂದು ದೋಸೆಗೆ ನಾನು ತರಿಸಿಕೊಳ್ಳುವ ಚಟ್ನಿಯ ಪ್ರಮಾಣ, ಸಪ್ಲೈಯರ್ ಮುಖ ಗಂಟಿಕ್ಕುವುದು, ಅವಳು ಕಿಟಕಿಯಾಚೆ ನೋಡುತ್ತಾ ನನ್ನ ಪರಿಚಯವಿಲ್ಲದವಳಂತೆ ಕೂರುವುದು. ಕೊನೆಗೆ ಅವಳಿಗೇ ಪಾಪ ಅನ್ನಿಸಿರಬೇಕು. "ಹೋಗ್ಲಿ, ಭಾನುವಾರ ಮಧ್ಯಾಹ್ನ ನಿಮ್ಗಿರ್ಲಿ. ಅವತ್ತು ನಾನು ಮಲಗಲ್ಲ. ಇಬ್ರೂ ಕೂತು ಏನಾದ್ರೂ ಮಾತಾಡಣ" ಎಂದಳು.

ಬುದ್ಧಿಯಿದ್ದವನು ಅಲ್ಲೇ ಕೈ ಮುಗಿದು ಒಪ್ಪಿಕೊಳ್ಳುತ್ತಿದ್ದ. ಆದರೆ ಎದುರಿನವರು ಮೊದಲು ಕೊಟ್ಟದ್ದನ್ನು ನನ್ನ ನಾಲಿಗೆ ಒಪ್ಪಿಕೊಂಡ ಇತಿಹಾಸವೇ ಇಲ್ಲ. "ಹಾಗಾದ್ರೆ ಬಿಡು" ಎಂಬ ಮಾತು ನನ್ನನ್ನು ಕೇಳದೆ ಬಾಯಿಂದ ಹೊರಟಿತು. ಅದರ ಹಿಂದೆಯೇ ಕಾಲುಗಳೂ ಹೊರಟವು. ಚಪ್ಪಲಿ ಮೆಟ್ಟಿಕೊಂಡೆ, ಬಾಗಿಲು ದಾಟಿದೆ, ಗೇಟಿನ ಅಗುಳಿಯನ್ನು ಸ್ವಲ್ಪ ಸದ್ದಾಗುವಂತೆ ತೆಗೆದೆ. ಕೂಗು ಬರಲಿಲ್ಲ. ಪಕ್ಕದ ಮನೆ ದಾಟಿದೆ. ಅದರಾಚೆಯ ಮನೆಯ ಸಂಪಿಗೆ ಮರ ದಾಟಿದೆ. ಸರಿಯಾದ ವೇಗದಲ್ಲೇ ನಡೆಯುತ್ತಿದ್ದೆ, ಅನುಭವವಿರುವವನು. ಆದರೂ ಬೀದಿಯ ತಿರುವು ಬಂದುಬಿಟ್ಟಿತು.

ಅಲ್ಲಿ ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳುವ ನಮ್ಮ ಬೀದಿಯ ಮೇಷ್ಟ್ರು ಸಿಕ್ಕರು. ಹಳೇ ಕಾರೊಂದನ್ನು ಕೊಳ್ಳಲು ಹೊರಟಿದ್ದರು, ನಾನೇ ಹಿಂದಿನ ದಿನ ಪಾಠ ಮಾಡಿ ಕಳಿಸಿದ್ದೆ. "ಸಾರ್, ಒಂದು ಡೌಟು. ಎದ್ದು ಹೋಗ್ಬೇಕು ಅಂದ್ರಲ್ಲ, ಎಷ್ಟು ದೂರ ಹೋಗ್ಬೇಕು?"

"ಕರೆಯೋವರೆಗೆ."

"ಕರೀದೇ ಹೋದ್ರೆ?"

"ಕರೀತಾರೆ ಕಣ್ರೀ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಮೇಷ್ಟ್ರು ನನ್ನ ಕಾಲ ಕಡೆ ನೋಡಿದರು. "ಎಲ್ಲಿಗೆ ಹೊರಟ್ರಿ ಸಾರ್, ಬಾತ್‌ರೂಮ್ ಚಪ್ಪಲೀಲಿ?"

ವಾಕಿಂಗ್ ಎಂದು ಹೇಳಿ ಅವರನ್ನು ಸಾಗಹಾಕಿದೆ. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಇನ್ನೇನು ಮಾಡುವುದೆಂದು ತೋಚದೆ, ಯೋಗದ ಮೇಡಂ ಹೇಳಿದ ಹಾಗೆ ನಾನೂ ಕಣ್ಣು ಮುಚ್ಚಿದೆ. ನಾನು ಆಸೆಪಡುವ ದಿನ ಯಾವುದು, ನೋಡೇಬಿಡೋಣ ಎಂದು. ಬೆಟ್ಟ ಬರಲಿಲ್ಲ, ದೋಸೆ ಬರಲಿಲ್ಲ. ಬಹಳ ಹೊತ್ತು ಬರೀ ಬಾಗಿಲುಗಳು ಬಂದವು, ಮಾರಿಬಿಟ್ಟ ಬಾಗಿಲುಗಳು, ಎಲ್ಲವೂ ಬೇರೆಯವರ ಮನೆಯವು. ಆಮೇಲೆ ನಾನು ಒಂದು ಬೀದಿಯಲ್ಲಿ ನಡೆದು ಹೋಗುತ್ತಿದ್ದೆ. ಹಿಂದಿನಿಂದ "ರೀ" ಎಂದು ಒಂದು ದನಿ ಬಂತು. ಅಷ್ಟೇ. ಅದರಿಂದಾಚೆಗೆ ಬೇರೇನೂ ಇರಲಿಲ್ಲ, ಬೇಕು ಎಂದೂ ಅನ್ನಿಸಲಿಲ್ಲ. ಇಡೀ ಬದುಕನ್ನು ಹಿಂಡಿದರೆ ನನ್ನ ಪಾಲಿಗೆ ಹೊರಬಿದ್ದದ್ದು ಆ ಒಂದಕ್ಷರ. ಕಣ್ಣು ಬಿಟ್ಟೆ. ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು "ಹತ್ತೀರೇನ್ರೀ?" ಎಂದು ಕೇಳುತ್ತಿದ್ದ.

ಜೇಬಿನ ಫೋನು ಸುಮ್ಮನಿತ್ತು. ಮನೆಯಲ್ಲಿ ನಾಗರತ್ನ ನಾನು ಕಲಿಸಿದ ಪಾಠವನ್ನೇ ನನ್ನ ಮೇಲೆ ಪ್ರಯೋಗಿಸುತ್ತಿದ್ದಾಳೋ, ಅಥವಾ ನಾನು ಎದ್ದು ಬಂದದ್ದು ಅವಳ ಗಮನಕ್ಕೇ ಬಂದಿಲ್ಲವೋ? ಮೊದಲನೆಯದಾಗಿದ್ದರೆ ಇನ್ನೂ ವ್ಯಾಪಾರ ಉಳಿದಿದೆ. ಎರಡನೆಯದಾಗಿದ್ದರೆ ನಾನು ಗಿರಾಕಿಯೇ ಅಲ್ಲ, ದಾರಿಹೋಕ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುವ ಹಾಗೆ ಈ ವಿದ್ಯೆಯನ್ನು ರೂಪಿಸಿದವನು ನಾನೇ. ಬೇರೆ ದಾರಿಯಿಲ್ಲದೆ, ಜೀವಮಾನದಲ್ಲಿ ಮೊದಲ ಬಾರಿಗೆ, ಯಾರೂ ಕರೆಯದೆ ವಾಪಸ್ ಹೋದೆ.

ಅವಳು ಹಿದುಕುವ ಕೆಲಸ ಮುಗಿಸಿ ಸಿಪ್ಪೆ ಬಳಿಯುತ್ತಿದ್ದಳು. "ಭಾನುವಾರ ಮಧ್ಯಾಹ್ನ ಆಗ್ಲಿ. ಒಪ್ಕೊಂಡೆ" ಎಂದೆ.

"ಈಗ ಆಗಲ್ವಲ್ಲ. ಪಕ್ಕದ್ಮನೆ ಗಿರಿಜಮ್ಮ ಬಂದಿದ್ರು. ಅವರ ಸ್ಕೂಟರಲ್ಲಿ ಕಲಿಸ್ಕೊಡ್ತಾರಂತೆ, ಭಾನುವಾರ ಮಧ್ಯಾಹ್ನ ರೋಡು ಖಾಲಿ ಇರುತ್ತೆ ಅಂತ. ನೀವು ಬೇಡ ಅಂದು ಹೋದ್ರಲ್ಲ, ಹೂಂ ಅಂದ್ಬುಟ್ಟೆ."

"ನಾನು ನಿಜವಾಗ್ಲೂ ಹೋಗಿರ್ಲಿಲ್ಲ ಕಣೇ."

"ಚಪ್ಪಲಿ ನೋಡಿದಾಗ ಗೊತ್ತಾಯ್ತು" ಎಂದಳು. ಇಷ್ಟು ಹೇಳಿ ನಕ್ಕಳೋ ಇಲ್ಲವೋ, ಒಲೆಯ ಕಡೆ ತಿರುಗಿದ್ದರಿಂದ ನನಗೆ ಕಾಣಲಿಲ್ಲ. ಕರೆಯಬಾರದಿತ್ತೇ ಎಂದು ಕೇಳಲು ಬಾಯಿ ತೆರೆದೆ, ಆಗಲಿಲ್ಲ. ಬೇಕು ಎನ್ನುವ ಮಾತನ್ನು ಬಳಸದೆ ಬಳಸದೆ ನನ್ನ ಗಂಟಲಿನಲ್ಲಿ ಅದಕ್ಕೆ ತುಕ್ಕು ಹಿಡಿದಿದೆ. "ಮತ್ತೆ ನನಗೇನುಳೀತು?" ಎಂದಷ್ಟೇ ಕೇಳಿದೆ.

ಅವಳು ಕಾಳಿನ ಬೋಸಿಯನ್ನು ಒಲೆಯ ಪಕ್ಕಕ್ಕೆ ಇಟ್ಟಳು. "ನಾಯಿ ಬಂದ್ರೆ ಸಂಜೆ ಅದನ್ನ ಸುತ್ತಾಡ್ಸೋಕೆ ಒಬ್ರು ಬೇಕಾಗ್ತಾರೆ. ದಿನಾ ನನ್ನ ಕೈಲಾಗಲ್ಲ."

ಒಂದು ಮಾತೂ ಆಡದೆ ಒಪ್ಪಿಕೊಂಡೆ. ಹೋಗಿ ವಾಪಸ್ ಬಂದವನು ಕೊಟ್ಟದ್ದು ತೆಗೆದುಕೊಂಡು ಹೋಗಬೇಕು.

ನಾಯಿ ಇನ್ನೂ ಬಂದಿಲ್ಲ. ತರಲು ನನ್ನನ್ನು ಕಳಿಸುವುದಿಲ್ಲವಂತೆ. ಮರಿಯ ಬಾಲದಲ್ಲಿ ಏನೋ ಕುಂದು ಹುಡುಕಿ, ಹಾಗಾದ್ರೆ ಬಿಡಿ ಎಂದು ಬರಿಗೈಯಲ್ಲಿ ಬಂದುಬಿಡುತ್ತೇನೆಂದು ಅವಳಿಗೆ ಭಯ. ಅಲ್ಲಿಯವರೆಗೆ ಸಂಜೆಯ ಹೊತ್ತು ನನ್ನ ಪಾಲಿನ ಕೆಲಸವೆಂದು ನಾನೊಬ್ಬನೇ ಬೀದಿಯಲ್ಲಿ ಒಂದು ಸುತ್ತು ಹೋಗಿ ಬರುತ್ತೇನೆ. ಚಪ್ಪಲಿ ಈಗ ಸರಿಯಾದದ್ದನ್ನೇ ಹಾಕಿಕೊಳ್ಳುತ್ತೇನೆ, ನಿಮಗೂ ಅದೇ ಸಲಹೆ. ಮೇಷ್ಟ್ರು ಕಾರು ಕೊಂಡುಬಿಟ್ಟಿದ್ದಾರೆ. ಗೇಟಿನವರೆಗೂ ಹೋಗಲಿಲ್ಲವಂತೆ, ಅಷ್ಟರಲ್ಲಿ ಕರೆದರಂತೆ. ತಿರುವಿನ ಹತ್ತಿರ ಬಂದಾಗ ನನ್ನ ಹೆಜ್ಜೆ ತಾನಾಗಿ ಸ್ವಲ್ಪ ನಿಧಾನವಾಗುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ತಿರುಗಿ ಮಾತ್ರ ನೋಡುವುದಿಲ್ಲ. ಅದು ವ್ಯಾಪಾರದ ಕ್ರಮವಲ್ಲ.